ಗೋಡೆ ಅಳತೆಯ ಫೋಟೋಗಳು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೂ ಮನುಷ್ಯರ ಮೇಲೆ ಬಂದ ಸಿಟ್ಟನ್ನು ಹೇಗೋ ನುಂಗಿಕೊಳ್ಳುತ್ತೇನೆ. ಕಂಪ್ಯೂಟರಿನ ಮೇಲೆ ಬಂದದ್ದನ್ನು ಯಾಕೆ ನುಂಗಬೇಕು? ಅದಕ್ಕೇನು ಬೇಜಾರಾಗುವುದಿಲ್ಲವಲ್ಲ. ಹಾಗಾಗಿ ಆ ದಿನ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕೋಣೆಯಿಂದ ಬೀದಿಗೆಲ್ಲ ಕೇಳಿಸುತ್ತಿದ್ದ ಬೈಗುಳ ಪೂರ್ತಿಯಾಗಿ ಅದಕ್ಕೇ ಸಲ್ಲಬೇಕಾದದ್ದು.

ಆ ಕೋಣೆಯೇ ನನ್ನ ಅಂಗಡಿ. ಮದುವೆಯೋ, ಶಾಲೆಯ ವಾರ್ಷಿಕೋತ್ಸವವೋ, ಹೊಸ ಮಳಿಗೆಯ ಜಾಹೀರಾತೋ, ಯಾರು ಏನು ಚಿತ್ರೀಕರಿಸಿ ತಂದರೂ ಕತ್ತರಿಸಿ ಜೋಡಿಸಿ ವಿಡಿಯೋ ಮಾಡಿಕೊಡುತ್ತೇನೆ. ಆ ದಿನದ ಕೆಲಸ ಮಾತ್ರ ಹೊರಗಿನದಲ್ಲ. ನಮ್ಮ ಅತ್ತೆ ಬಸ್ ಕಂಡಕ್ಟರ್, ಅವತ್ತು ಅವರ ಸರ್ವಿಸಿನ ಕೊನೆಯ ದಿನ. ಸಂಜೆ ಐದಕ್ಕೆ ಅವರ ಬಸ್ಸು ಡಿಪೋಗೆ ವಾಪಸ್ಸಾಗುತ್ತದೆ. ಬಂದ ಕೂಡಲೇ ಅಲ್ಲಿನ ರಿಪೇರಿ ಶೆಡ್ಡಿನಲ್ಲಿ ಸಣ್ಣದೊಂದು ಬೀಳ್ಕೊಡುಗೆ. ಅಲ್ಲಿ ಅವರ ಫೋಟೋಗಳನ್ನೆಲ್ಲ ಪೋಣಿಸಿದ ವಿಡಿಯೋವನ್ನು ಗೋಡೆಯ ಮೇಲೆ ತೋರಿಸಬೇಕೆಂದು ನಾನೂ ಮಾವನೂ ಗುಟ್ಟಾಗಿ ಮಾತಾಡಿಕೊಂಡಿದ್ದೆವು. ಅತ್ತೆಗೆ ಅದರ ವಾಸನೆಯೂ ಬಡಿದಿರಲಿಲ್ಲ.

ಫೋಟೋ ಒದಗಿಸುವುದು ಮಾವನ ಪಾಲು, ಜೋಡಿಸುವುದು ನನ್ನ ಪಾಲು. ಮಾವ ಹಳೆಯ ಆಲ್ಬಮ್ಮುಗಳನ್ನೂ ಅಟ್ಟದ ಪೆಟ್ಟಿಗೆಗಳನ್ನೂ ಜಾಲಾಡಿದರು. ಸಿಕ್ಕ ಫೋಟೋಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ದಿನಾ ಬೆಳಿಗ್ಗೆ ಎಲ್ಲಿಗೋ ಹೋಗಿ ಸ್ಕ್ಯಾನ್ ಮಾಡಿಕೊಂಡು ಬರುತ್ತಿದ್ದರು. ಹಿಂದಿನ ಸಂಜೆ ಒಂದು ಹಾರ್ಡ್‌ಡಿಸ್ಕ್ ತಂದು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

“ಎಲ್ಲಾ ಇದರಲ್ಲಿದೆ ಮಗಳೇ. ಒಂದನ್ನೂ ಬಿಟ್ಟಿಲ್ಲ” ಎಂದರು.

ಬೆಳಿಗ್ಗೆ ಅತ್ತೆ ಯೂನಿಫಾರಂ ತೊಟ್ಟು ಹೊರಟದ್ದೇ ತಡ, ನಾನು ಬಾಗಿಲು ಹಾಕಿಕೊಂಡು ಕೂತೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದು, ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಫೋಟೋಗಳನ್ನೆಲ್ಲ ಒಟ್ಟಿಗೆ ಒಳಗೆ ತೆಗೆದುಕೋ ಎಂದೆ. ಸಾಮಾನ್ಯವಾಗಿ ಇಷ್ಟು ಫೋಟೋ ಒಳಗೆ ಬರುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅವತ್ತು ಪರದೆಯ ಮೇಲೆ ನೀಲಿ ಗೆರೆಯೊಂದು ಮೂಡಿ, ಒಂದು ಉಗುರಿನಷ್ಟು ಮುಂದೆ ಬಂದು, ಅಲ್ಲೇ ನಿಂತಿತು. ನಾನು ತಲೆ ಬಾಚಿಕೊಂಡು ಬಂದೆ. ಗೆರೆ ಅಲ್ಲೇ ಇತ್ತು. ಪಾತ್ರೆ ತೊಳೆದು ಬಂದೆ. ಗೆರೆ ಜಪ್ಪಯ್ಯ ಅಂದರೂ ಕದಲಿರಲಿಲ್ಲ.

ಶುರುವಾಯಿತು ನನ್ನ ಹುಡುಕಾಟ. ಮೊದಲು ತೆರೆದಿದ್ದ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದೆ. ಉಪಯೋಗವಾಗಲಿಲ್ಲ. ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ. ಅದು ಎದ್ದು ಮೈಮುರಿದು, ನೀಲಿ ಗೆರೆಯನ್ನು ಅದೇ ಉಗುರಿನಷ್ಟು ಎಳೆದು ಅದೇ ಥರ ಕೂತುಕೊಂಡಿತು. ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆಂದು ಕೂಡಿಟ್ಟುಕೊಂಡಿದ್ದ ಹಳೆಯ ಕಸವನ್ನೆಲ್ಲ ಗುಡಿಸಿ ಹಾಕಿದೆ. ಆಮೇಲೆ ಕೇಬಲ್ಲಿನ ಮೇಲೆ ಅನುಮಾನ ಬಂತು, ಬದಲಾಯಿಸಿದೆ. ಅದೂ ಅಲ್ಲ. ಹಾರ್ಡ್‌ಡಿಸ್ಕಿನಿಂದ ನೇರವಾಗಿ ಓದುವುದು ಕಷ್ಟವಾಗುತ್ತಿರಬಹುದು, ಮೊದಲು ಕಂಪ್ಯೂಟರಿಗೇ ನಕಲು ಮಾಡಿಕೊಳ್ಳೋಣ ಎಂದುಕೊಂಡು ಹಾಗೆ ಮಾಡಹೋದರೆ, ಜಾಗ ಸಾಲುವುದಿಲ್ಲ ಎಂದು ಅದು ನನ್ನ ಮುಖಕ್ಕೇ ಹೇಳಿತು.

“ಜಾಗ ಸಾಲಲ್ಲ ಅಂದ್ರೆ? ಒಂದು ಚೀಲ ಫೋಟೋಗೆ ಜಾಗ ಸಾಲಲ್ವಾ ನಿಂಗೆ? ತಿಂದು ತಿಂದು ಹೊಟ್ಟೆ ಬೆಳೆಸ್ಕೊಂಡಿದ್ದೀಯ” ಎಂದು ನಾನು ಕೂಗಾಡುತ್ತಿರುವಾಗಲೇ ಮಾವ ಚಹಾ ತಂದರು.

ಮಾವ ಚಹಾ ತಂದರೆ ಲೋಟ ಯಾವಾಗಲೂ ಅರ್ಧವೇ ಇರುತ್ತದೆ. ತುಂಬಿದ್ದನ್ನು ಹಿಡಿದು ನಡೆಯಲು ಅವರ ಕೈ ಬಿಡುವುದಿಲ್ಲ. ನಡುಕ ಶುರುವಾಗಿ ಕೆಲವು ವರ್ಷಗಳಾದವು.

ಆ ಕೈ ಒಂದು ಕಾಲದಲ್ಲಿ ಎಂಥ ಕೈ ಎಂಬುದನ್ನು ಹೇಳಲೇಬೇಕು. ಮಾವ ಗೋಡೆಗಳ ಮೇಲೆ ದೊಡ್ಡ ದೊಡ್ಡ ಜಾಹೀರಾತು ಬರೆಯುತ್ತಿದ್ದ ಪೇಂಟರ್. ಸಿನಿಮಾ ನಟಿಯರ ಮುಖ, ಸೋಪು ಹಿಡಿದ ಹೆಂಗಸು, ಹಲ್ಲುಪುಡಿಯ ನಗು, ಎಲ್ಲವನ್ನೂ ಅಂಗೈಯಗಲದ ಫೋಟೋ ನೋಡಿಕೊಂಡು ಮನೆಯೆತ್ತರಕ್ಕೆ ಏರಿಸುತ್ತಿದ್ದರು. ಫೋಟೋದ ಮೇಲೆ ಸಣ್ಣ ಚೌಕಗಳನ್ನು ಎಳೆಯುವುದು, ಗೋಡೆಯ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆಯುವುದು, ಒಂದೊಂದು ಚೌಕವನ್ನೂ ತುಂಬುತ್ತ ಹೋಗುವುದು. ಅಳತೆಯಿಲ್ಲದೆ ಒಂದು ಗೆರೆ ಎಳೆದವರಲ್ಲ. ಅದಕ್ಕೇ ಅವರ ಜೊತೆಯವರೆಲ್ಲ ಅವರನ್ನು ಕರೆಯುತ್ತಿದ್ದುದು ಅಡಿಪಟ್ಟಿ ಎಂದು. ಈಗಲೂ ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ಮುಖ ಅರಳುತ್ತದೆ.

ಮಾವ ಗೋಡೆ ಬರೆಯುತ್ತಿದ್ದ ರಸ್ತೆಯಲ್ಲೇ ಅತ್ತೆಯ ಬಸ್ಸೂ ಓಡಾಡುತ್ತಿತ್ತು. ಮಾವನ ಒಂದು ದೊಡ್ಡ ಗೋಡೆಗೆ ಎದುರಾಗಿಯೇ ಸ್ಟಾಪು. ಏಣಿ ಹತ್ತಿ ಗೋಡೆಗೆ ಅಂಟಿ ನಿಂತವನಿಗೆ ತಾನು ಬರೆದದ್ದು ಬಣ್ಣದ ತೇಪೆಗಳಾಗಿ ಕಾಣುತ್ತದೆಯೇ ಹೊರತು ಮುಖವಾಗಿ ಕಾಣುವುದಿಲ್ಲ. ಅದನ್ನು ದೂರದಿಂದ ನೋಡಿ ಹೇಳುವವರು ಬೇಕು. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ದಿಟ್ಟಿಸುತ್ತಿದ್ದರು. ಮುಖ ಸರಿಯಾಗಿದ್ದರೆ ಕೂಡಲೇ ಎರಡು ಬೆಲ್, ಬಸ್ಸು ಹೊರಟುಬಿಡುತ್ತಿತ್ತು. ತಪ್ಪಿದ್ದರೆ ಬೆಲ್ ಬೀಳುತ್ತಿರಲಿಲ್ಲ. “ರೀ, ಮೂಗು ಜಾಸ್ತಿಯಾಯ್ತು” ಎಂದು ಅಲ್ಲಿಂದಲೇ ಕೂಗಿ, ಮಾವ ತಲೆಯಾಡಿಸಿದ ಮೇಲೆಯೇ ಬಸ್ಸು ಬಿಡುತ್ತಿದ್ದರು. ಮೂಗು ಮಾವನಿಗೆ ಯಾವಾಗಲೂ ಕೈಕೊಡುತ್ತಿತ್ತಂತೆ. ಬಸ್ಸಿನೊಳಗಿನ ಜನ ಮೊದಮೊದಲು ಗೊಣಗಿದರು, ಆಮೇಲೆ ತಾವೂ ಕಿಟಕಿಯಿಂದ ತಲೆ ಹೊರಹಾಕಿ ಮೂಗು ನೋಡತೊಡಗಿದರು. ಇದನ್ನೆಲ್ಲ ನಾನು ಈ ಮನೆಗೆ ಬಂದ ಹೊಸದರಲ್ಲಿ ಇಬ್ಬರೂ ಒಬ್ಬರ ಮಾತಿಗೊಬ್ಬರು ಬಾಯಿ ಹಾಕುತ್ತ ಹೇಳಿದ್ದರು.

ಇರಲಿ, ಕಂಪ್ಯೂಟರಿಗೆ ವಾಪಸ್ಸು ಬರುತ್ತೇನೆ. ಅರ್ಧ ಲೋಟ ಚಹಾ ಒಳಗೆ ಹೋದ ಮೇಲೆ ತಲೆಗೆ ಒಂದು ವಿಷಯ ಹೊಳೆಯಿತು. ಇಷ್ಟು ಹೊತ್ತು ಯಂತ್ರವನ್ನು ನೋಡುತ್ತಿದ್ದೇನೆ, ಫೋಟೋಗಳನ್ನು ನೋಡೇ ಇಲ್ಲ. ಒಂದು ಫೋಟೋದ ಭಾರ, ಅಂದರೆ ಅದು ತಿನ್ನುವ ಜಾಗ, ಎಷ್ಟಿದೆ ಎಂದು ತೆರೆದು ನೋಡಿದೆ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಅತ್ತೆ ಒಂದು ಬೇಲಿಗೆ ಒರಗಿ ನಿಂತ ಆ ಒಂದೇ ಒಂದು ಫೋಟೋ, ನಾನು ಕಳೆದ ವಾರ ಮಾಡಿಕೊಟ್ಟ ಇಡೀ ಶಾಲಾ ವಾರ್ಷಿಕೋತ್ಸವದ ವಿಡಿಯೋದಷ್ಟು ಭಾರವಿತ್ತು. ಉಳಿದವೂ ಹಾಗೇ. ಪಾಪ, ಕಂಪ್ಯೂಟರ್ ಏನು ಮಾಡೀತು. ಬೆಳಿಗ್ಗೆಯಿಂದ ಬೈಸಿಕೊಂಡದ್ದು ಸುಮ್ಮನೆ.

“ಮಾವ, ಇದನ್ನೆಲ್ಲಾ ಎಲ್ಲಿ ಸ್ಕ್ಯಾನ್ ಮಾಡಿಸಿದ್ರಿ?”

“ಬ್ಯಾನರ್ ಅಂಗಡೀಲಿ. ನನ್ನ ಹತ್ರ ಬಣ್ಣ ಕಲಸೋಕೆ ಇದ್ದನಲ್ಲ, ಅವನದೇ ಈಗ ಆ ಅಂಗಡಿ. ದೊಡ್ಡ ಸ್ಕ್ಯಾನರ್ ಇದೆ. ಆದ್ರೆ ಅವನ ಕೈಲಿ ಮಾಡಿಸಲಿಲ್ಲ, ನಾನೇ ಮಾಡಿದೆ.”

“ಅಳತೆ ಏನು ಕೊಟ್ರಿ?”

“ಅದು ಕೇಳ್ತು, ಎಷ್ಟು ಅಡಿ ಬೇಕು ಅಂತ. ಇಪ್ಪತ್ತು ಅಂತ ಹಾಕಿದೆ.”

ಬ್ಯಾನರ್ ಅಂಗಡಿಯ ಯಂತ್ರ ಅಡಿಯಲ್ಲೇ ಕೇಳುತ್ತದೆ, ಅದರ ಕೆಲಸವೇ ಅದು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗಿ ಅಂಗಡಿಯವನನ್ನು ಕೂಗುತ್ತಿದ್ದರು. ನಮ್ಮ ಮಾವನಿಗೆ ಮಾತ್ರ ಆ ಪ್ರಶ್ನೆ ಪ್ರಪಂಚದ ಅತಿ ಸಹಜವಾದ ಪ್ರಶ್ನೆ. ಅಂಗೈಯಗಲದ ಫೋಟೋವನ್ನು ಇಪ್ಪತ್ತು ಅಡಿ ಮಾಡು ಎಂದು ಹೇಳಿ, ಒಂದೊಂದಕ್ಕೂ ತಾಳ್ಮೆಯಿಂದ ಕಾದು ಕೂತಿದ್ದಾರೆ.

“ಇಪ್ಪತ್ತು ಅಡೀನಾ? ಯಾರು ಹೇಳಿದ್ರು ನಿಮಗೆ ಇಪ್ಪತ್ತು ಅಡಿ ಅಂತ? ವಿಡಿಯೋಗೆ ಯಾರಾದ್ರೂ ಇಪ್ಪತ್ತು ಅಡಿ ಫೋಟೋ ಹಾಕ್ತಾರಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಬಾಯಿಂದ ಬಂದೇಬಿಟ್ಟಿತು. ಮಾವ ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. ಬೇಜಾರಾದಾಗ ಅವರು ಹಾಗೆ ಮಾಡುತ್ತಾರೆ. ನನಗೆ ನನ್ನ ನಾಲಿಗೆಯ ಮೇಲೆ ಹೇಸಿಗೆಯಾಯಿತು. ಕುರ್ಚಿಯೊಂದನ್ನು ಎಳೆದು ಪಕ್ಕಕ್ಕೆ ಹಾಕಿದೆ.

“ಕೂತ್ಕೊಳ್ಳಿ ಮಾವ. ಬೈದದ್ದು ನಿಮಗಲ್ಲ.”

“ಮತ್ಯಾರಿಗೆ?”

“ನಿಮಗೇ. ಆದ್ರೂ ಕೂತ್ಕೊಳ್ಳಿ.”

ಅವರು ನಕ್ಕು ಕೂತರು. ಇಪ್ಪತ್ತೇ ಯಾಕೆ, ಹತ್ತೋ ಹದಿನೈದೋ ಯಾಕಲ್ಲ ಎಂದು ಕೇಳಿದೆ.

“ಡಿಪೋ ಶೆಡ್ಡಿನ ಹಿಂದಿನ ಗೋಡೆ ಇಪ್ಪತ್ತು ಅಡಿ ಅಗಲ. ನಾನೇ ಒಂದ್ಸಲ ಅದರ ಮೇಲೆ ಬೋರ್ಡ್ ಬರೆದಿದ್ದೆ, ಮರೆತಿಲ್ಲ. ನೀನು ಗೋಡೆ ಮೇಲೆ ತೋರಿಸ್ತೀನಿ ಅಂದೆಯಲ್ಲ. ಗೋಡೆ ಎಷ್ಟೋ ಫೋಟೋನೂ ಅಷ್ಟು ಬೇಡ್ವಾ?”

ಅವರ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಮಾವ ಮುಂದುವರಿಸಿದರು.

“ನಿಮ್ಮತ್ತೆ ಯಾವಾಗಲೂ ರೇಗಿಸ್ತಿದ್ಲು. ಊರಲ್ಲಿರೋ ಹೆಂಗಸರ ಮುಖ ಎಲ್ಲಾ ಗೋಡೆಗೆ ಏರಿಸ್ತೀರಿ, ನನ್ನದೊಂದು ಬಿಟ್ಟು ಅಂತ. ನಿನ್ನದೂ ಏರಿಸ್ತೀನಿ, ಒಂದು ಒಳ್ಳೆ ಗೋಡೆ ಸಿಗಲಿ ಅಂತಿದ್ದೆ. ಗೋಡೆ ಹುಡುಕ್ತಾ ಹುಡುಕ್ತಾ ಕೈ ಹೋಯ್ತು. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.” ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು. “ಸ್ಕ್ಯಾನರ್ ಒಳ್ಳೇದು ಮಗಳೇ. ಮುಚ್ಚಳ ಹಾಕಿದ ಮೇಲೆ ಕೈ ನಡುಗಿದ್ರೂ ಫೋಟೋ ನಡುಗಲ್ಲ.”

ಅಳುವ ಜಾಯಮಾನ ನನ್ನದಲ್ಲ. ಆದರೂ ಆ ಹೊತ್ತಿಗೆ ಕೀಬೋರ್ಡಿನ ಮೇಲೆ ಏನೋ ಧೂಳು ಕಂಡು ಒರೆಸತೊಡಗಿದೆ. ಸಂಜೆಯೊಳಗೆ ಈ ವಿಡಿಯೋ ಮುಗಿಯಬೇಕು ಎಂಬುದು ಬೆಳಿಗ್ಗೆಯಿಂದ ನನ್ನ ಹಟವಾಗಿತ್ತು. ಈಗ ಇನ್ನೊಂದು ಸೇರಿತು. ಅತ್ತೆಯ ಮುಖ ಗೋಡೆಗೆ ಏರಲೇಬೇಕು, ಏರಿಸುವವರು ಮಾವನೇ ಆಗಿರಬೇಕು.

ಅವರಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. ನೀವು ಫೋಟೋವನ್ನು ಗೋಡೆಯ ಮೇಲೆ ಬಣ್ಣದಿಂದ ದೊಡ್ಡದು ಮಾಡುತ್ತಿದ್ದಿರಿ, ಇಲ್ಲಿ ಬೆಳಕೇ ದೊಡ್ಡದು ಮಾಡುತ್ತದೆ. ಪ್ರೊಜೆಕ್ಟರಿನ ಚಿತ್ರವೂ ಸಣ್ಣ ಸಣ್ಣ ಚೌಕಗಳದ್ದೇ, ಆ ಚೌಕಗಳು ಎಷ್ಟಿವೆಯೋ ಅಷ್ಟು ಚೌಕದ ಫೋಟೋ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದದ್ದನ್ನು ಸಾಫ್ಟ್‌ವೇರ್ ಓದಿ ಓದಿ ಎಸೆಯಬೇಕು, ಅದಕ್ಕೇ ಅದು ಏದುಸಿರು ಬಿಡುತ್ತಿದೆ. ಚೌಕ ಎಂದ ಕೂಡಲೇ ಮಾವನಿಗೆ ಎಲ್ಲವೂ ಅರ್ಥವಾಯಿತು.

“ಹಾಗಾದ್ರೆ ಚಿಕ್ಕದು ಮಾಡಬೇಕು” ಎಂದರು. ಜೀವನವಿಡೀ ಚಿಕ್ಕದನ್ನು ದೊಡ್ಡದು ಮಾಡಿದ ಮನುಷ್ಯ ಅದನ್ನು ಹೇಳುವಾಗ ಸ್ವಲ್ಪ ಕಹಿ ಕುಡಿದಂತೆ ಮುಖ ಮಾಡಿದರು. “ನಾನು ಇಷ್ಟು ದಿನ ಮಾಡಿದ್ದು ದಂಡ ಅನ್ನು.”

“ಅಸಲಿಗೆ ಕೈ ಹಚ್ಚಲ್ಲ. ಅದು ಹಾರ್ಡ್‌ಡಿಸ್ಕಲ್ಲಿ ಹಾಗೇ ಇರತ್ತೆ. ನಕಲು ಮಾತ್ರ ಚಿಕ್ಕದು.”

ಅಷ್ಟೂ ಫೋಟೋಗಳ ಚಿಕ್ಕ ನಕಲುಗಳನ್ನು ಬೇರೆ ಫೋಲ್ಡರಿನಲ್ಲಿ ಮಾಡಿಹಾಕು ಎಂದು ಕಂಪ್ಯೂಟರಿಗೆ ಒಪ್ಪಿಸಿ ನಾವು ಊಟಕ್ಕೆ ಎದ್ದೆವು. ಬಂದು ನೋಡಿದರೆ ಕೆಲಸ ಮುಗಿದಿತ್ತು. ಆ ನಕಲುಗಳನ್ನು ಸಾಫ್ಟ್‌ವೇರಿಗೆ ಕೊಟ್ಟೆ. ಬೆಳಿಗ್ಗೆಯೆಲ್ಲ ಕದಲದ ನೀಲಿ ಗೆರೆ ಸರ್ರನೆ ಆ ಕೊನೆ ಮುಟ್ಟಿತು. ನೀರು ಕುಡಿದಷ್ಟು ಸಲೀಸು. ಕಂಪ್ಯೂಟರಿನ ತಲೆ ಸವರಿದೆ, ಬೆಳಿಗ್ಗೆ ಅಂದದ್ದಕ್ಕೆಲ್ಲ ಅಲ್ಲಿಗೆ ಚುಕ್ತಾ.

ಆಮೇಲಿನ ಮಧ್ಯಾಹ್ನ ನನಗೆ ಬಹಳ ಇಷ್ಟವಾದ ಮಧ್ಯಾಹ್ನಗಳಲ್ಲಿ ಒಂದು. ಮಾವ ಪಕ್ಕದಲ್ಲಿ ಕೂತು ಯಾವುದರ ನಂತರ ಯಾವುದು ಎಂದು ಹೇಳುತ್ತ ಹೋದರು, ನಾನು ಜೋಡಿಸುತ್ತ ಹೋದೆ. ಅತ್ತೆ ಎರಡು ಜಡೆಯ ಹುಡುಗಿಯಾಗಿದ್ದರು, ಗಂಟುಮುಖದ ಮದುಮಗಳಾಗಿದ್ದರು, ನನ್ನ ಗಂಡನನ್ನು ಸೊಂಟಕ್ಕೇರಿಸಿಕೊಂಡ ತಾಯಿಯಾಗಿದ್ದರು. ಒಂದು ಫೋಟೋದಲ್ಲಿ ನನ್ನ ಗಂಡ ಚಡ್ಡಿಯಿಲ್ಲದೆ ಅಳುತ್ತ ನಿಂತಿದ್ದ. ಅದನ್ನು ಬಿಡೋಣ ಎಂದರು ಮಾವ. ಅದೊಂದನ್ನು ಮಾತ್ರ ಬಿಡುವುದಿಲ್ಲ ಎಂದೆ ನಾನು.

ಕೊನೆಗೆ ಉಳಿದದ್ದು ಡಿಪೋ ಸಿಬ್ಬಂದಿಯ ಗುಂಪು ಫೋಟೋ. ಚಾಲಕರು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು ಮೂರು ಸಾಲಾಗಿ ನಿಂತದ್ದು. ಹಿಂದಿನ ಸಾಲಿನ ತುದಿಯಲ್ಲಿ ತಲೆಗೆ ಟೋಪಿ, ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡು ಅತ್ತೆ. ಕಂಡಕ್ಟರ್ ಆಗಿ ಅವರದು ಇದ್ದದ್ದು ಅದೊಂದೇ ಫೋಟೋ. ಅದರಲ್ಲಿ ಅವರ ಮುಖ ಹೆಸರುಕಾಳಿನಷ್ಟಿತ್ತು. ಚಿಕ್ಕ ನಕಲಿನಲ್ಲಿ ಹತ್ತಿರ ಹೋಗಲು ನೋಡಿದೆ. ಮುಖ ಒಡೆದು ನಾಲ್ಕು ಚುಕ್ಕಿಗಳಾಯಿತು.

“ಇದಕ್ಕೆ ನಿಮ್ಮ ಇಪ್ಪತ್ತು ಅಡೀನೇ ಬೇಕು ಮಾವ” ಎಂದೆ.

ಮಾವ ಕುರ್ಚಿಯ ತುದಿಗೆ ಬಂದರು. ಅಸಲಿ ಫೋಟೋವನ್ನು ತೆರೆದೆ. ತೆರೆಯಲು ಅದು ತೆಗೆದುಕೊಂಡ ಸಮಯದಲ್ಲಿ ಮಾವ ಮತ್ತೆ ಅರ್ಧ ಲೋಟ ಚಹಾ ಮಾಡಿ ತಂದರು. ಈ ಸಲ ನಾನು ಕೂಗಾಡಲಿಲ್ಲ, ಇಬ್ಬರೂ ನೀಲಿ ಗೆರೆಯನ್ನು ನೋಡುತ್ತ ಸುಮ್ಮನೆ ಕೂತಿದ್ದೆವು. ತೆರೆದುಕೊಂಡ ಮೇಲೆ ಅತ್ತೆಯ ಸುತ್ತಲಿನ ಭಾಗವನ್ನಷ್ಟೇ ಅದೇ ದೊಡ್ಡ ಅಳತೆಯಲ್ಲಿ ಕತ್ತರಿಸಿಕೊಂಡೆ. ಮೊದಲು ಚಿಕ್ಕ ನಕಲಿನಲ್ಲಿ ಇಡೀ ಗುಂಪು, ನಿಧಾನವಾಗಿ ಹತ್ತಿರ, ಇನ್ನೂ ಹತ್ತಿರ, ಅದು ಒಡೆಯುವ ಮುನ್ನವೇ ಈ ದೊಡ್ಡ ತುಂಡು ಅದರ ಜಾಗಕ್ಕೆ ಬಂದು, ಕೊನೆಗೆ ಪರದೆಯ ತುಂಬ ಒಂದೇ ಮುಖ.

“ಸ್ವಲ್ಪ ಮಸುಕಾಗಿದೆ” ಎಂದೆ.

“ಗೋಡೆಗೆ ಇಷ್ಟು ಸಾಕು. ದೂರದಿಂದ ನೋಡೋರಿಗೆ ಸರಿಯಾಗೇ ಕಾಣತ್ತೆ” ಎಂದರು ಮಾವ. ಅವರ ಧ್ವನಿಯಲ್ಲಿ ಹಳೆಯ ಅಡಿಪಟ್ಟಿ ಮಾತಾಡುತ್ತಿದ್ದ.

ನನ್ನ ಗಂಡ ಎಲೆಕ್ಟ್ರಿಷಿಯನ್. ಅವನು ನಾಲ್ಕೂವರೆಗೇ ಡಿಪೋಗೆ ಹೋಗಿ ಪ್ರೊಜೆಕ್ಟರ್ ಹೂಡಿದ್ದ. ಶೆಡ್ಡಿನ ಶಟರ್ ಎಳೆದರೆ ಒಳಗೆ ಒಳ್ಳೆಯ ಕತ್ತಲೆ. ಗ್ರೀಸಿನ ವಾಸನೆ, ಟಯರಿನ ರಾಶಿ, ಎಲ್ಲರಿಗೂ ಬೆಂಚು. ಅತ್ತೆಯ ಬಸ್ಸು ನೇರವಾಗಿ ಶೆಡ್ಡಿನೊಳಗೇ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು, ಡಿಪೋ ಮ್ಯಾನೇಜರ್ ಅಗತ್ಯಕ್ಕಿಂತ ಉದ್ದವಾಗಿ ಎರಡು ಮಾತಾಡಿದರು. ಅತ್ತೆ ಮುಂದಿನ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇದೆಲ್ಲ ಬೇಗ ಮುಗಿದರೆ ಸಾಕು ಎಂಬ ಮುಖದಲ್ಲಿ ಕೂತಿದ್ದರು.

ವಿಡಿಯೋ ಶುರುವಾಯಿತು. ಎರಡು ಜಡೆಗೆ ನಕ್ಕರು, ಚಡ್ಡಿಯಿಲ್ಲದ ನನ್ನ ಗಂಡನಿಗೆ ಇನ್ನೂ ಜೋರಾಗಿ ನಕ್ಕರು. ಅವನು ಪ್ರೊಜೆಕ್ಟರಿನ ಹಿಂದಿನಿಂದ ನನ್ನನ್ನು ಗುರಾಯಿಸಿದ. ಆಮೇಲೆ ಗುಂಪು ಫೋಟೋ ಬಂತು. ಎಲ್ಲರೂ ತಮ್ಮನ್ನು ತಾವು ಹುಡುಕಿಕೊಂಡರು. ಚಿತ್ರ ಹತ್ತಿರ ಹತ್ತಿರ ಹೋಯಿತು, ಒಬ್ಬೊಬ್ಬರೇ ಅಂಚಿನಿಂದ ಹೊರಗೆ ಜಾರಿದರು. ಕೊನೆಗೆ ಗೋಡೆಯ ಈ ತುದಿಯಿಂದ ಆ ತುದಿಗೆ ಅತ್ತೆಯ ಮುಖ ನಿಂತಿತು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ, ಮುಖ ಅಲ್ಲೇ ಉಳಿಯುವಂತೆ ನಾನು ಮಾಡಿದ್ದೆ.

ಅತ್ತೆ ಮೊದಲು ಗೋಡೆಯನ್ನು ನೋಡಿದರು. ಆಮೇಲೆ ಹಿಂದೆ ತಿರುಗಿ, ಟಯರಿನ ರಾಶಿಯ ಹತ್ತಿರ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ ಮಾವನನ್ನು ನೋಡಿದರು. ಎದ್ದು ನಿಂತರು. ಅವರ ಹತ್ತಿರ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬೆಂಚುಗಳನ್ನು ದಾಟಿ ಶೆಡ್ಡಿನ ಆ ಕೊನೆಯಲ್ಲಿದ್ದ ಬಸ್ಸಿನ ತನಕ ನಡೆದರು, ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಹೊರಗೆ ಬಾಗಿ ಗೋಡೆಯನ್ನು ದಿಟ್ಟಿಸಿದರು.

ಬೆಲ್ ಬೀಳಲಿಲ್ಲ. ಮಾವ ಗೋಡೆಯ ಕಡೆ ತಿರುಗಿ ತಪ್ಪು ಹುಡುಕತೊಡಗಿದರು.

“ರೀ, ಟೋಪಿ ಓರೆಯಾಗಿದೆ” ಎಂದರು ಅತ್ತೆ ಅಲ್ಲಿಂದಲೇ.

“ಅದು ನೀನು ಹಾಕ್ಕೊಂಡಿದ್ದೇ ಹಾಗೆ. ನನ್ನ ತಪ್ಪಲ್ಲ” ಎಂದರು ಮಾವ. ತುಸು ತಡೆದು ಕೇಳಿದರು, “ಮೂಗು?”

ಅತ್ತೆ ಮತ್ತೆ ನೋಡಿದರು. ಅವಸರವೇ ಇಲ್ಲದವರಂತೆ, ಬಸ್ಸಿನ ತುಂಬ ಜನ ಕಾಯುತ್ತಿದ್ದರೂ ಕಾಯಲಿ ಎಂಬಂತೆ ನೋಡಿದರು. ಆಮೇಲೆ ಕಣ್ಣನ್ನು ತೋಳಿಗೆ ಒರೆಸಿಕೊಂಡು, ಕೈ ಮೇಲೆತ್ತಿ ಬೆಲ್ಲಿನ ಹಗ್ಗ ಎಳೆದರು. ಒಂದು ಸಲ, ಮತ್ತೊಂದು ಸಲ.

ತನ್ನ ಸೀಟಿನಲ್ಲೇ ಕೂತು ವಿಡಿಯೋ ನೋಡುತ್ತಿದ್ದ ಚಾಲಕ ಅಭ್ಯಾಸಬಲದಿಂದ ಎಂಜಿನ್ ಹಚ್ಚಿಬಿಟ್ಟ. ಶೆಡ್ಡಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಮಾವ ಮಾತ್ರ ನಗಲಿಲ್ಲ, ಗೋಡೆ ಬರೆದು ಮುಗಿಸಿದ ದಿನಗಳಲ್ಲಿ ಏಣಿಯ ಮೇಲಿಂದ ಮಾಡುತ್ತಿದ್ದರಂತೆ, ಹಾಗೆಯೇ ಬಸ್ಸಿನ ಕಡೆಗೆ ಬಲಗೈ ಎತ್ತಿ ಬೀಸಿದರು.